ಇಂಗಿನ ಡಬ್ಬಿ

ಮೊನ್ನೆ ಒಂದು ಗೃಹಪ್ರವೇಶದ ಊಟ. ನನ್ನ ಪಕ್ಕದ ಎಲೆಗೆ ಕಾಲೇಜು ಓದುವ ಹುಡುಗಿಯೊಬ್ಬಳು ಕೂತಿದ್ದಳು. ಪಾಯಸ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. "ಬೇಡ ಆಂಟಿ, ನನಗೆ ಗೋಧಿ ಆಗಲ್ಲ, ಅಲರ್ಜಿ." ಮನೆಯಾಕೆ ನಕ್ಕುಬಿಟ್ಟರು. "ಅಯ್ಯೋ, ಇದು ಗೋಧಿ ಅಲ್ಲಮ್ಮಾ, ಶಾವಿಗೆ!"

ಪಲ್ಯ, ಕೋಸಂಬರಿ ಮುಟ್ಟುವ ಮೊದಲು ಆಕೆ ಇನ್ನೊಂದು ಮಾತು ಕೇಳಿದಳು: "ಒಗ್ಗರಣೆಗೆ ಯಾವ ಇಂಗು ಹಾಕಿದ್ದೀರಿ?" ಅಡುಗೆಯವರು ಬೇಸರಿಸದೆ ಒಳಗಿಂದ ಡಬ್ಬಿಯನ್ನೇ ತಂದುಕೊಟ್ಟರು. ಅಂಗೈಯಲ್ಲಿ ಅಡಗುವಷ್ಟು ಡಬ್ಬಿ. ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ, ಇರುವೆ ಸಾಲಿನಂಥ ಅಕ್ಷರಗಳನ್ನು ಓದಿದಳು. ಗೋಂದು, ಗೋಧಿ ಹಿಟ್ಟು, ಇಂಗು. ಡಬ್ಬಿ ಹಿಂದಿರುಗಿಸಿ, ಬಿಸಿ ಅನ್ನಕ್ಕೆ ತುಪ್ಪ, ಮೊಸರು ಹಾಕಿಸಿಕೊಂಡು ಊಟ ಮುಗಿಸಿದಳು.

ಅಪ್ಪಟ ಇಂಗು ಗಿಡದ ಬೇರಿನಿಂದ ಒಸರುವ ಅಂಟು. ಅದರ ಘಾಟು ತಡೆಯುವುದು ಕಷ್ಟ. ಅದಕ್ಕೇ ಗೋಂದು, ಹಿಟ್ಟು ಬೆರೆಸಿ ಹದ ಮಾಡುತ್ತಾರೆ. ಕೆಲವರು ಅಕ್ಕಿ ಹಿಟ್ಟು ಬಳಸುತ್ತಾರೆ, ಕೆಲವರು ಗೋಧಿಯದು. ಪೊಟ್ಟಣದ ಆಹಾರದಲ್ಲಿ ಗೋಧಿ ಇದ್ದರೆ ಮೇಲೆ ಬರೆಯಬೇಕು ಎಂದು 2020ರ ಲೇಬಲ್ ನಿಯಮ ಹೇಳುತ್ತದೆ. ಬಾಳೆ ಎಲೆಗೆ ಬಡಿಸಿದ್ದಕ್ಕೆ ಅಂಥ ಚೀಟಿ ಎಲ್ಲಿದೆ?

ಹಾಗೆ ನೋಡಿದರೆ ನಮ್ಮ ನಾಡಿನಲ್ಲಿ ಗೋಧಿ ಇಲ್ಲದ ಊಟಕ್ಕೆ ಬರವಿಲ್ಲ. ಮುದ್ದೆ ಇದೆ, ಜೋಳದ ರೊಟ್ಟಿ ಇದೆ, ಅಕ್ಕಿ ರೊಟ್ಟಿ, ನೀರುದೋಸೆ, ಕಡುಬು ಎಲ್ಲ ಇವೆ. ಗೋಧಿ ಆಗದವರಿಗೆ ಮನೆಯೊಳಗಿದ್ದಷ್ಟು ಹೊತ್ತು ಚಿಂತೆಯಿಲ್ಲ. ಹೊಸಿಲು ದಾಟಿದರೆ ಶುರು. ನೆಂಟರ ಮನೆಗೆ ಹೋದರೆ ಮೊದಲು ಬರುವುದು ಉಪ್ಪಿಟ್ಟು, ಕೇಸರಿಬಾತು. ಶನಿವಾರ ರಾತ್ರಿ, ಏಕಾದಶಿ ಎಂದರೆ ಅನ್ನ ಬಿಟ್ಟು ರವೆ, ಚಪಾತಿ. ಸಕ್ಕರೆ ಕಾಯಿಲೆ ಎಂದರೂ ಅನ್ನ ಬಿಟ್ಟು ಚಪಾತಿ. ನಾವು ಪಥ್ಯ ಎಂದುಕೊಂಡದ್ದೇ ಇವರಿಗೆ ಅಪಥ್ಯ. ಹೋಟೆಲಿನಲ್ಲಿ ಇಡ್ಲಿ ಸಾಕು ಎನ್ನೋಣವೆಂದರೆ ಅಲ್ಲಿ ರವೆ ಇಡ್ಲಿಯೂ ಇರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಬೆಂಗಳೂರಿನ ಎಂಟಿಆರ್‌ನವರು ಅದನ್ನು ಮಾಡಿದರಂತೆ. ದೋಸೆ ಕೇಳಿದರೆ, ಅದೇ ಕಾವಲಿಯ ಮೇಲೆ ಈಗಷ್ಟೇ ರವೆ ದೋಸೆ ಎದ್ದಿರುತ್ತದೆ. ಪೂರಿ ಕರಿದ ಎಣ್ಣೆಯಲ್ಲೇ ಬೋಂಡ ತೇಲುತ್ತಿರುತ್ತದೆ.

ಇದಕ್ಕಿಂತ ದೊಡ್ಡ ಕಷ್ಟ ನಮ್ಮ ಪ್ರೀತಿಯದು. ಅವತ್ತು ಹೋಳಿಗೆ ಬಂದಾಗ ಅದೇ ಮನೆಯಾಕೆ, "ಒಂದೇ ಒಂದು ಚೂರು ಬಾಯಿಗೆ ಹಾಕ್ಕೋ, ಏನೂ ಆಗಲ್ಲ" ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಬಲವಂತ ಮಾಡದಿದ್ದರೆ ಉಪಚಾರವೇ ಆಗಲಿಲ್ಲ ಎಂದು ನಂಬಿ ಬೆಳೆದವರು ನಾವು. ಆದರೆ ಗೋಧಿ ಅಲರ್ಜಿ ಇದ್ದವರಲ್ಲಿ ಕೆಲವರಿಗೆ ಆ ಒಂದು ಚೂರೇ ಸಾಕು. ಮೈಮೇಲೆ ದದ್ದು ಏಳಬಹುದು, ವಾಂತಿಯಾಗಬಹುದು, ಉಸಿರೇ ಕಟ್ಟಬಹುದು. ಆ ಹುಡುಗಿಯದು ನಾಲಿಗೆಯ ಚಪಲವೂ ಅಲ್ಲ, ಹೊಸಕಾಲದ ಡಯಟ್ಟೂ ಅಲ್ಲ. ಬೇಡ ಬೇಡ ಎಂದು ಹೇಳಿ ಹೇಳಿ ಒರಟಳು ಎನಿಸಿಕೊಳ್ಳುವ ಸಂಕಟ ಬೇರೆ.

ಡಬ್ಬಿ ತಂದುಕೊಟ್ಟ ಅಡುಗೆಯವರು ಆಕೆಗೆ ವಿಶೇಷವಾಗಿ ಏನನ್ನೂ ಮಾಡಿ ಬಡಿಸಲಿಲ್ಲ. ಇದರಲ್ಲಿ ಇಂಥದ್ದಿದೆ, ನೋಡಿಕೊಳ್ಳಮ್ಮಾ ಎಂದರು, ಅಷ್ಟೇ. ಅವತ್ತಿನ ಪಂಕ್ತಿಯಲ್ಲಿ ನಿಜವಾದ ಉಪಚಾರ ಅವರದೇ ಎಂದು ನನಗನ್ನಿಸಿತು.

ಹಬ್ಬಗಳ ಸಾಲು ಬರುತ್ತದೆ, ಮನೆಗೆ ನಾಲ್ಕು ಜನ ಊಟಕ್ಕೆ ಬರುತ್ತಾರೆ. ಯಾರಾದರೂ ಬೇಡ ಎಂದರೆ ಯಾಕೆಂದು ಒಮ್ಮೆ ಕೇಳಿ. ಕಾರಣ ಹೇಳಿದರೆ ನಂಬಿ. ಮತ್ತೆ ಬಲವಂತ ಮಾಡಬೇಡಿ.