ಗೌರಿ ಭಯ್ಯಾನ ಟೀ ಅಂಗಡಿ

ಇವತ್ತು ರಾಜಕೀಯ ಬೇಡ, ಒಂದು ಸಿನಿಮಾ ಬಗ್ಗೆ ಮಾತಾಡೋಣ. ಹಿಂದಿಯ ‘ಟ್ವೆಲ್ತ್ ಫೇಲ್’. 2025ರಲ್ಲಿ 2023ರ ರಾಷ್ಟ್ರೀಯ ಪ್ರಶಸ್ತಿಗಳ ಪಟ್ಟಿ ಬಂತು, ಅತ್ಯುತ್ತಮ ಚಿತ್ರ ಇದೇ. ಹೀರೋ ವಿಕ್ರಾಂತ್ ಮಾಸ್ಸಿಗೆ ಶಾರುಖ್ ಖಾನ್ ಜೊತೆ ಅತ್ಯುತ್ತಮ ನಟ ಪ್ರಶಸ್ತಿ. ಸುದ್ದಿ ಓದಿದೆ, ಅಭಿನಂದನೆ ಹೇಳಿದೆ. ಆದ್ರೆ ಓದ್ತಾ ಇದ್ದಾಗ ತಲೆಯಲ್ಲಿ ಬೇರೆಯೇ ಓಡ್ತಾ ಇತ್ತು.

2023ರಲ್ಲಿ, ಸಿನಿಮಾ ರಿಲೀಸ್ ಆದಾಗ, ರಾತ್ರಿ ಬುಲೆಟಿನ್ ಮುಗಿಸಿ ಕೊನೆ ಶೋಗೆ ಒಬ್ಬನೇ ಹೋಗಿದ್ದೆ. ಕಥೆ ನಿಮಗೆ ಗೊತ್ತಿರುತ್ತೆ. ಚಂಬಲ್ ಕಡೆಯ ಹಳ್ಳಿ ಹುಡುಗ ಮನೋಜ್. ಕಾಪಿ ಹೊಡೆದೇ ಪಾಸಾಗೋ ಶಾಲೆಗೆ ಒಬ್ಬ ಪ್ರಾಮಾಣಿಕ ಡಿಎಸ್‌ಪಿ ಬಂದು ಕಾಪಿ ನಿಲ್ಲಿಸ್ತಾರೆ, ಹುಡುಗ ಹನ್ನೆರಡನೇ ಕ್ಲಾಸ್ ಫೇಲ್. ಅಜ್ಜಿ ಕೂಡಿಟ್ಟ ಪಿಂಚಣಿ ದುಡ್ಡು ಹಿಡ್ಕೊಂಡು ಊರು ಬಿಡ್ತಾನೆ, ಅದು ದಾರಿಯಲ್ಲೇ ಕಳುವಾಗುತ್ತೆ. ದೆಹಲಿಯಲ್ಲಿ ಲೈಬ್ರರಿ ಗುಡಿಸ್ತಾನೆ, ಶೌಚಾಲಯ ತೊಳೀತಾನೆ, ಹಿಟ್ಟಿನ ಗಿರಣಿಯಲ್ಲಿ ದುಡೀತಾನೆ. ಕೊನೆಗೆ ಐಪಿಎಸ್. ಕಟ್ಟುಕಥೆ ಅಲ್ಲ, ಐಪಿಎಸ್ ಅಧಿಕಾರಿ ಮನೋಜ್ ಕುಮಾರ್ ಶರ್ಮಾ ಅವರ ಬದುಕು. ಅನುರಾಗ್ ಪಾಠಕ್ ಪುಸ್ತಕ ಬರೆದ್ರು, ವಿಧು ವಿನೋದ್ ಚೋಪ್ರಾ ಸಿನಿಮಾ ಮಾಡಿದ್ರು.

ಅತ್ತೆನಾ? ಅತ್ತೆ. ಗಿರಣಿ ದೃಶ್ಯದಲ್ಲೇ ಶುರುವಾಯ್ತು. ನಮ್ಮೂರ ಗಿರಣಿಯವರ ಹುಬ್ಬು ಯಾವಾಗ್ಲೂ ಬೆಳ್ಳಗಿರ್ತಿತ್ತು. ಚಿಕ್ಕವನಿದ್ದಾಗ ಅವರು ತುಂಬಾ ವಯಸ್ಸಾದವರು ಅಂದ್ಕೊಂಡಿದ್ದೆ. ಒಂದು ದಿನ ಸ್ನಾನ ಮಾಡಿ ಜಾತ್ರೆಗೆ ಬಂದಿದ್ರು ನೋಡಿ, ನಮ್ಮಪ್ಪನಿಗಿಂತ ಚಿಕ್ಕವರು!

ಆದ್ರೆ ಮನೆಗೆ ಬಂದ ಮೇಲೂ ನಿದ್ದೆ ಕೆಡಿಸಿದ್ದು ಮನೋಜ್ ಅಲ್ಲ. ಗೌರಿ ಭಯ್ಯಾ. ಮುಖರ್ಜಿ ನಗರದಲ್ಲಿ ಹುಡುಗರಿಗೆಲ್ಲ ದಾರಿ ತೋರಿಸೋ ಹಿರಿಯ. ಅವನ ಕೊನೆ ಅಟೆಂಪ್ಟ್ ಹೋಗುತ್ತೆ. ಪಾಸಾಗಲ್ಲ. ಟೀ ಅಂಗಡಿ ಇಡ್ತಾನೆ, ಹೆಸರು ‘ರೀಸ್ಟಾರ್ಟ್’. ಬಂದವರಿಗೆಲ್ಲ ಪಾಠ ಹೇಳ್ತಾನೆ. ಮನೋಜ್‌ನ ಗಿರಣಿ ಬಿಡಿಸಿ ಓದೋದಕ್ಕೆ ಜಾಗ ಮಾಡಿಕೊಡೋನೂ ಅವನೇ. ಈಗ ಯೋಚನೆ ಮಾಡಿ. ಗೌರಿ ಓದಿದ್ದು ಕಡಿಮೆನಾ? ಕಷ್ಟಪಟ್ಟಿದ್ದು ಕಡಿಮೆನಾ?

ಎಂಜಿನಿಯರಿಂಗ್ ಓದಿದವನು ನಾನು, ಲೆಕ್ಕ ಹಾಕೋ ಚಟ ಬಿಟ್ಟಿಲ್ಲ. 2023ರ ಯುಪಿಎಸ್‌ಸಿ ಸಿವಿಲ್ ಸರ್ವೀಸಸ್‌ಗೆ ಅರ್ಜಿ ಹಾಕಿದವರು 10,16,850. ಪ್ರಿಲಿಮ್ಸ್ ಬರೆದವರು 5,92,141. ಕೊನೆಗೆ ಆಯ್ಕೆಯಾದವರು 1,016. ಅಂದ್ರೆ ಬರೆದ 583 ಜನರಲ್ಲಿ ಒಬ್ಬರು. ಉಳಿದ 582 ಜನ ಸೋಮಾರಿಗಳು ಅಂತೀರಾ? ‘ಕಷ್ಟಪಟ್ರೆ ಯಾರು ಬೇಕಾದ್ರೂ ಆಗಬಹುದು’ ಅಂತ ನಾವು ಟೀವಿಯವರು ಎಷ್ಟು ಸಲೀಸಾಗಿ ಹೇಳಿಬಿಡ್ತೀವಿ!

ಇನ್ನೊಂದು ವಿಷ್ಯ. ಮನೋಜ್ ಹಿಂದಿ ಮೀಡಿಯಂ. ಇಂಗ್ಲಿಷ್ ಬರದವನನ್ನ ಆ ಪರೀಕ್ಷೆ ಹೇಗೆ ನೋಡುತ್ತೆ ಅನ್ನೋದು ಸಿನಿಮಾದಲ್ಲಿ ಚೆನ್ನಾಗಿ ಬಂದಿದೆ. ಅದನ್ನ ನೋಡಿ ಅತ್ತ ನಾವು ನಮ್ಮ ಮನೆ ಕಡೆ ನೋಡಿದ್ವಾ? 384 ಹುದ್ದೆಗಳ ಕೆಎಎಸ್ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ಕ್ಕೆ ನಡೀತು. ಕನ್ನಡ ಪ್ರಶ್ನೆಗಳ ಅನುವಾದ ತಪ್ಪು. ಗಲಾಟೆ ಆಯ್ತು, ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಮಾಡಿದ್ರು. ಅದರಲ್ಲೂ ತಪ್ಪು! ಕರ್ನಾಟಕದಲ್ಲಿ, ಕರ್ನಾಟಕದ ಆಯೋಗ, ಕನ್ನಡದಲ್ಲಿ ಪ್ರಶ್ನೆ ಕೇಳೋದಕ್ಕೆ ಎರಡು ಸಲ ಫೇಲ್. ಊರಲ್ಲಿ ಸಾಲ ಮಾಡಿ ವಿಜಯನಗರದ ಪಿಜಿಯಲ್ಲಿ ಕೂತು ಓದಿದ ಹುಡುಗನಿಗೆ ಒಂದು ಅಟೆಂಪ್ಟ್ ಅಂದ್ರೆ ಅಪ್ಪನ ಒಂದು ವರ್ಷದ ಬೆಳೆ ಕಣ್ರೀ.

ಈಗ ನನ್ನ ತಪ್ಪು ಹೇಳ್ತೀನಿ. ರಿಪೋರ್ಟರ್ ಆಗಿದ್ದಾಗ ರಿಸಲ್ಟ್ ದಿನ ವಿಜಯನಗರದ ಒಂದು ಪಿಜಿಗೆ ಹೋಗಿದ್ದೆ. ಅಲ್ಲಿದ್ದ ಒಬ್ಬ ಹುಡುಗ ಪಾಸಾಗಿದ್ದ. ಹಾರ, ಮೈಸೂರ್ ಪಾಕ್, ಫೋನಲ್ಲಿ ಅಮ್ಮ ಅಳ್ತಿದ್ದಾರೆ, ನಮಗೆ ಬೇಕಾದ್ದೆಲ್ಲ ಇತ್ತು. ಹಿಂದೆ ಮಂಚದ ಮೇಲೆ ಅವನ ರೂಮ್‌ಮೇಟ್ ಕೂತಿದ್ದ. ಅವನೂ ಅದೇ ಪರೀಕ್ಷೆ ಬರೆದವನು, ಅವನ ಹೆಸರು ಲಿಸ್ಟಲ್ಲಿ ಇರಲಿಲ್ಲ. ಫ್ರೇಮಲ್ಲಿ ಅವನ ಮುಖ ಬರ್ತಾ ಇತ್ತು. ‘ಬ್ರದರ್, ಸ್ವಲ್ಪ ಹೊರಗಡೆ ನಿಲ್ತೀರಾ, ಶಾಟ್ ಹಾಳಾಗ್ತಿದೆ’ ಅಂದೆ. ನಾನೇ ಅಂದಿದ್ದು, ಕ್ಯಾಮೆರಾಮನ್ ಅಲ್ಲ. ಅವನು ‘ಸಾರಿ ಸರ್’ ಅಂತ ಎದ್ದು ಹೋದ. ಹೋಗೋವಾಗ ನಮ್ಮ ಮೂವರಿಗೂ ಟೀ ಹೇಳಿ ಹೋಗಿದ್ದ. ಟೀ ಬಂದಾಗಲೇ ಗೊತ್ತಾಗಿದ್ದು.

ಥಿಯೇಟರ್‌ನಲ್ಲಿ ಗೌರಿ ಭಯ್ಯಾ ಟೀ ಸುರಿಯೋವಾಗ ನನಗೆ ಕಂಡಿದ್ದು ಆ ಹುಡುಗ. ಪಾಸಾದ ಹುಡುಗನ ನಂಬರ್ ಇನ್ನೂ ನನ್ನ ಫೋನಲ್ಲಿದೆ, ಹಬ್ಬಕ್ಕೆ ಮೆಸೇಜ್ ಕಳಿಸ್ತಾರೆ. ಟೀ ಹೇಳಿದವನ ಹೆಸರೂ ನಾನು ಕೇಳಿರಲಿಲ್ಲ.

ಮುಂದಿನ ರಿಸಲ್ಟ್ ದಿನ ಸಾಧಕರ ಮನೆಗೆ ಒಂದು ಟೀಮ್ ಹೋಗ್ಲಿ, ಲಿಸ್ಟಲ್ಲಿ ಹೆಸರಿಲ್ಲದವರ ರೂಮಿಗೂ ಒಂದು ಟೀಮ್ ಹೋಗ್ಲಿ ಅಂತ ನಮ್ಮ ಡೆಸ್ಕ್‌ಗೆ ಹೇಳಿದ್ದೀನಿ. ‘ಟಿಆರ್‌ಪಿ ಬರಲ್ಲ ಸರ್’ ಅಂತಿದ್ದಾರೆ. ನೀವು ನೋಡ್ತೀರಾ? ನೋಡ್ತೀವಿ ಅಂದ್ರೆ ನಾನೇ ಮೈಕ್ ಹಿಡ್ಕೊಂಡು ಹೋಗ್ತೀನಿ.