ನಿಲ್ಲದ ಭೇದಿ, ಕುದಿಸಿದ ನೀರು

ಹಬ್ಬದಂಥ ದಿನ ಭೇದಿಯ ಮಾತೇಕೆ ಅನ್ನಬೇಡಿ. ಎಚ್‌ಐವಿ ಇರುವವರ ಮನೆಯಲ್ಲಿ ಅದು ಜೀವದ ಪ್ರಶ್ನೆ.

ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ ಇದೆ. ಗಟ್ಟಿಮುಟ್ಟಾದವರ ಕರುಳು ಹೊಕ್ಕರೆ ಒಂದೆರಡು ವಾರ ಕಾಡಿ ಹೋಗುತ್ತದೆ. ಸಿಡಿ4 ಕಣಗಳು ತೀರಾ ಇಳಿದವರಲ್ಲಿ, ಅದರಲ್ಲೂ 100ಕ್ಕಿಂತ ಕಡಿಮೆ ಇದ್ದವರಲ್ಲಿ, ತಿಂಗಳುಗಟ್ಟಲೆ ನಿಂತು ಮೈಯನ್ನೇ ಕರಗಿಸುತ್ತದೆ. ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆ ದುಂಡುಹುಳು, ಕೊಕ್ಕೆಹುಳುಗಳಿಗೆ ಸರಿ, ಇದಕ್ಕೆ ನಾಟದು. ಸಾಮಾನ್ಯ ಮಲಪರೀಕ್ಷೆಯಲ್ಲಿ ಇದು ಕಣ್ಣು ತಪ್ಪಿಸಿಕೊಳ್ಳುತ್ತದೆ. ಕ್ಷಯದ ಕಫಕ್ಕೆ ಹಾಕುವಂಥ ಕೆಂಪು ಬಣ್ಣವನ್ನೇ ಹಾಕಿ ನೋಡಿದರೆ ಸಣ್ಣ ಕೆಂಪು ಕಾಳಿನಂತೆ ಕಾಣುತ್ತದೆ. ಆ ಪರೀಕ್ಷೆ ಬೇಕೆಂದು ಡಾಕ್ಟರನ್ನು ಕೇಳಿ, ಸಂಕೋಚ ಬೇಡ. ಅದರಲ್ಲೇ ಐಸೋಸ್ಪೊರಾ ಕಂಡರೆ ಒಳ್ಳೆಯದೇ, ಅದಕ್ಕೆ ಕೋಟ್ರೈಮಾಕ್ಸಜೋಲ್ ಎಂಬ ಅಗ್ಗದ ಮಾತ್ರೆ ಸಾಕು. ಕ್ರಿಪ್ಟೋಗೆ ಮಾತ್ರ ನಂಬಬಹುದಾದ ಚಿಕಿತ್ಸೆಯೆಂದರೆ ಎಆರ್‌ಟಿಯೇ. 2004ರಿಂದ ಸರ್ಕಾರ ಅದನ್ನು ಪುಕ್ಕಟೆ ಕೊಡುತ್ತಿದೆ. ರೋಗನಿರೋಧಕ ಶಕ್ತಿ ಮೇಲೆದ್ದಂತೆ ಭೇದಿಯೂ ಇಳಿಯುತ್ತದೆ.

ಇನ್ನು ನೀರು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಮುಗಿಯಿತೆಂದು ನಾವೆಲ್ಲ ನಂಬಿದ್ದೇವೆ. ಈ ಜೀವಿ ಕ್ಲೋರಿನ್‌ಗೆ ಬಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಶುದ್ಧೀಕರಿಸಿದ ನಲ್ಲಿ ನೀರಿನಿಂದಲೇ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು. ಬಟ್ಟೆಯಲ್ಲಿ ಸೋಸಿದರೂ ಹೋಗದು. ಕೊತಕೊತ ಒಂದು ನಿಮಿಷ ಕುದಿಸಬೇಕು. ಭೇದಿ ಮಾಡುವ ಎಳೆಗರುವಿನಿಂದಲೂ ಇದು ಬರುತ್ತದೆ; ಕೊಟ್ಟಿಗೆ ಕೆಲಸವನ್ನು ಅಂಥವರಿಗೆ ಬಿಡಬೇಡಿ.

ತಟ್ಟೆ, ಲೋಟ ಬೇರೆ ಇಡುವ ಮನೆಗಳು ಇನ್ನೂ ಇವೆ. ಜೊತೆಗೆ ಉಂಡರೆ ಎಚ್‌ಐವಿ ಹರಡುವುದಿಲ್ಲ. ಅವರ ಲೋಟಕ್ಕೆ ಕುದಿಸಿ ಆರಿಸಿದ ನೀರು ಹಾಕಿ. ಭೇದಿ ಎರಡು ವಾರ ದಾಟಿದರೆ ಎಆರ್‌ಟಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ದಾರಿಯಲ್ಲಿ ಕುಡಿಯಲು ಓಆರ್‌ಎಸ್ ಇಟ್ಟುಕೊಳ್ಳಿ.