ಡೋಣಿಯ ಜೊತೆಗೊಂದು ದಿನ

ಮಹಾನವಮಿ ಆಸುಪಾಸಿನ ರವಿವಾರ ಊರು ಬಿಟ್ಟು ಹೊರಡಬೇಕೆನಿಸಿದರೆ ದೂರದ ಜಲಪಾತವೇ ಬೇಕೆಂದಿಲ್ಲ. ವಿಜಯಪುರ ಜಿಲ್ಲೆಯ ಕನಮಡಿಯಿಂದ ತಿಕೋಟಾ ದಾಟಿ, ಡೋಣಿ ನದಿಯ ಸೀಮೆ ಹಿಡಿದು ಸಾರವಾಡದವರೆಗೆ ನಿಧಾನವಾಗಿ ಹೋಗಿಬನ್ನಿ.

ಡೋಣಿ ಹುಟ್ಟುವುದು ಪಕ್ಕದ ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ. ವಿಜಯಪುರ ಜಿಲ್ಲೆಯನ್ನು ಹಾಯ್ದು, ತಾಳಿಕೋಟಿ ದಾಟಿ ಕೃಷ್ಣೆಯನ್ನು ಸೇರುತ್ತದೆ. ನೀರು ಸವಳು, ಬೇಸಿಗೆಯಲ್ಲಿ ಹರಿವೂ ತೆಳು. ಆದರೂ 'ಡೋಣಿ ಹರಿದರೆ ಓಣಿಯೆಲ್ಲ ಕಾಳು' ಎಂದರು ನಮ್ಮ ಹಿರಿಯರು. ಅದರ ದಂಡೆಯ ಎರೆಮಣ್ಣು ಮಳೆಯ ಹಸಿಯನ್ನು ಒಡಲಲ್ಲಿ ಹಿಡಿದಿಡುತ್ತದೆ. ಆ ಹಸಿಯನ್ನೇ ಉಂಡು ಹಿಂಗಾರಿ ಬಿಳಿಜೋಳ ಚಳಿಗಾಲವಿಡೀ ಬೆಳೆಯುತ್ತದೆ.

ಬಿತ್ತಿಗೆಯ ಹೊತ್ತಿನಲ್ಲಿ ಗಾಡಿ ನಿಲ್ಲಿಸಿ ನೋಡಿ. ಎತ್ತಿನ ಕೂರಿಗೆ ಇನ್ನೂ ಉಳಿದ ಹೊಲದಲ್ಲಿ ತಾಯಿಯೊಬ್ಬಳು ಉಡಿಯಲ್ಲಿ ಬೀಜ ಕಟ್ಟಿಕೊಂಡು, ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ನಡೆಯುತ್ತಾಳೆ. ಕೈ ಅವಸರಪಟ್ಟರೆ ಸಾಲು ದಟ್ಟ, ಮೈಮರೆತರೆ ಸಾಲು ಖಾಲಿ. ಬಿಡುವು ಎಂದರೆ ಸೋಮಾರಿತನವಲ್ಲ. ಅದು ಹದವರಿತ ನಡಿಗೆ ಎಂಬುದನ್ನು ಆ ಕೈ ಕಲಿಸುತ್ತದೆ.

ಆದರೆ ಇದೇ ಡೋಣಿಯ ಪಾತ್ರದಲ್ಲಿ ಹೂಳು ತುಂಬಿದೆ, ಜಾಲಿ ಬೆಳೆದಿದೆ. ಜೋರು ಮಳೆಯಾದರೆ ನೀರು ಹೊಲಗಳಿಗೆ ನುಗ್ಗುತ್ತದೆ, ರೈತನ ವರ್ಷದ ದುಡಿಮೆ ಕೊಚ್ಚಿಹೋಗುತ್ತದೆ. ಸೇತುವೆಯ ಮೇಲೆ ಭರ್ರನೆ ದಾಟುವವರಿಗೆ ಈ ಸಂಕಟ ಕಾಣದು.

ಆದ್ದರಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮಕ್ಕಳೊಡನೆ ಹೋಗಿ. ಅವರಿಗೆ ನದಿಯ ಹೆಸರು ಹೇಳಿ, ರೈತರೊಡನೆ ಮಾತಾಡಿಸಿ. ಬಲ್ಲವರಷ್ಟೇ ನದಿಯನ್ನು ಪ್ರೀತಿಸುತ್ತಾರೆ. ಪ್ರೀತಿಸುವವರೇ ಅದನ್ನು ಉಳಿಸುತ್ತಾರೆ.